ಗೌಹರ್ ಜಾನ್ ಮತ್ತು ಮೂರು ನಿಮಿಷದ ಹಾಡು

ಈಗಿನ ಹಾಡುಗಳು ತುಂಬಾ ಚಿಕ್ಕದಾಗಿವೆ, ರೀಲ್ಸ್ ಬಂದ ಮೇಲೆ ಯಾರಿಗೂ ಪೂರ್ತಿ ಹಾಡು ಕೇಳುವ ತಾಳ್ಮೆ ಇಲ್ಲ ಎಂದು ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಅವರ ಮಾತು ಸುಳ್ಳಲ್ಲ. ಆದರೆ ನಮ್ಮ ದೇಶದಲ್ಲಿ ಹಾಡಿಗೆ ಮೊದಲ ಸಲ ಕತ್ತರಿ ಹಾಕಿದ್ದು ಮೊಬೈಲ್ ಅಲ್ಲ, ಗ್ರಾಮಫೋನ್. ಅದು ನಡೆದದ್ದು 1902ರಲ್ಲಿ, ಕಲ್ಕತ್ತಾದಲ್ಲಿ. ಗಂಟೆಗಟ್ಟಲೆ ಹಾಡುವ ಸಂಗೀತವನ್ನು ಮೂರು ನಿಮಿಷಕ್ಕೆ ಇಳಿಸಿ, ಆದರೂ ಅದು ಸಂಗೀತವಾಗಿಯೇ ಉಳಿಯುವಂತೆ ಹಾಡಿ ತೋರಿಸಿದವರಲ್ಲಿ ಮೊದಲ ಹೆಸರು ಗೌಹರ್ ಜಾನ್ ಅವರದು. ಅವರು ತೀರಿಕೊಂಡದ್ದು ನಮ್ಮ ಮೈಸೂರಿನಲ್ಲಿ. ಇದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ.

ಉರ್ದುವಿನಲ್ಲಿ ಗೌಹರ್ ಎಂದರೆ ಮುತ್ತು, ರತ್ನ. ಜಾನ್ ಎಂದರೆ ಪ್ರಾಣ. ನಮ್ಮ ಮನೆಗಳಲ್ಲಿ ಮುದ್ದಿನಿಂದ ಕರೆಯುವಾಗ ಹೆಸರಿನ ಕೊನೆಗೆ ಜಾನ್ ಸೇರಿಸುವ ರೂಢಿ ಇವತ್ತಿಗೂ ಇದೆ. ಆದರೆ ನೂರಿಪ್ಪತ್ತು ವರ್ಷಗಳ ಹಿಂದೆ ಉತ್ತರ ಭಾರತದ ಊರುಗಳಲ್ಲಿ ಹಾಡುವ ಹೆಂಗಸಿನ ಹೆಸರಿಗೆ ಜಾನ್ ಸೇರಿದ್ದರೆ, ಅವರು ತವಾಯಫ್ ಎಂದು ಕೇಳಿದವರಿಗೆ ಅರ್ಥವಾಗುತ್ತಿತ್ತು. ತವಾಯಫ್ ಎಂದರೆ ಸಂಗೀತ, ನೃತ್ಯ, ಕವಿತೆ ಮೂರನ್ನೂ ಗುರುಗಳಿಂದ ಕಲಿತು, ನವಾಬರ ಮತ್ತು ಜಮೀನ್ದಾರರ ಮೆಹಫಿಲ್‌ಗಳಲ್ಲಿ ಹಾಡಿ ಜೀವನ ಮಾಡುತ್ತಿದ್ದ ಕಲಾವಿದೆ. ಮರ್ಯಾದಸ್ಥರ ಮನೆಯವರು ಈ ಹೆಂಗಸರ ಹಾಡು ಕೇಳುತ್ತಿದ್ದರು, ಆದರೆ ಅವರನ್ನು ಮನೆಯೊಳಗೆ ಕರೆಯುತ್ತಿರಲಿಲ್ಲ. ಹಳೆಯ ಬರಹಗಳಲ್ಲಿ ಇಂಥವರನ್ನು ಅವಳು ಎಂದೇ ಬರೆದಿರುವುದು ಕಾಣುತ್ತದೆ. ನಾನು ಇಲ್ಲಿ ಅವರು ಎಂದೇ ಬರೆಯುತ್ತೇನೆ. ಎಂಟು ಹತ್ತು ವರ್ಷ ಗುರುವಿನ ಮುಂದೆ ಕುಳಿತು ಕಲಿತ ಗಂಡಸನ್ನು ಉಸ್ತಾದರು ಎನ್ನುವುದಾದರೆ ಅದೇ ಪಾಠ ಕಲಿತ ಹೆಂಗಸನ್ನು ಅವಳು ಎನ್ನುವುದಕ್ಕೆ ನನಗೆ ಕಾರಣ ಸಿಗಲಿಲ್ಲ.

ಗೌಹರ್ ಹುಟ್ಟಿದ್ದು 1873ರ ಜೂನ್ 26ರಂದು, ಈಗಿನ ಉತ್ತರ ಪ್ರದೇಶದ ಆಜಂಗಢದಲ್ಲಿ. ಹುಟ್ಟಿದಾಗ ಇಟ್ಟ ಹೆಸರು ಐಲೀನ್ ಏಂಜೆಲಿನಾ ಯೋವರ್ಡ್. ತಂದೆ ವಿಲಿಯಂ ರಾಬರ್ಟ್ ಯೋವರ್ಡ್ ಅರ್ಮೇನಿಯನ್ ಮೂಲದವರು, ಮಂಜುಗಡ್ಡೆ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದರು. ತಾಯಿ ವಿಕ್ಟೋರಿಯಾ ಹೆಮಿಂಗ್ಸ್. ಅವರ ತಂದೆ ಬ್ರಿಟಿಷ್, ತಾಯಿ ಭಾರತೀಯರು. ವಿಕ್ಟೋರಿಯಾ ಹಾಡು, ನೃತ್ಯ ಕಲಿತಿದ್ದರು. ಮಗು ಆರು ವರ್ಷದ್ದಿರುವಾಗ, 1879ರಲ್ಲಿ ಗಂಡ ಹೆಂಡತಿ ಬೇರೆಯಾದರು. ಆ ಕಾಲದಲ್ಲಿ ಗಂಡನಿಂದ ಬೇರೆಯಾದ, ಕೈಯಲ್ಲಿ ಹಣವಿಲ್ಲದ ಹೆಂಗಸಿಗೆ ಯಾವ ದಾರಿ ಇತ್ತು ಎಂದು ಯೋಚಿಸಿ ನೋಡಿ. ನೌಕರಿ ಇಲ್ಲ, ಓದಿದರೂ ಕೆಲಸ ಕೊಡುವವರಿಲ್ಲ. ಅವರಿಗೆ ಬರುತ್ತಿದ್ದ ವಿದ್ಯೆ ಹಾಡುವುದು ಒಂದೇ.

1881ರಲ್ಲಿ ಖುರ್ಷೀದ್ ಎಂಬ ಒಬ್ಬ ಸಂಗೀತಪ್ರಿಯರ ಆಸರೆಯಲ್ಲಿ ತಾಯಿ ಮಗಳು ಬನಾರಸಿಗೆ ಬಂದರು. ಅಲ್ಲಿ ಇಸ್ಲಾಂ ಸ್ವೀಕರಿಸಿದರು. ವಿಕ್ಟೋರಿಯಾ ಮಲ್ಕಾ ಜಾನ್ ಆದರು, ಐಲೀನ್ ಗೌಹರ್ ಜಾನ್ ಆದಳು. ಮಲ್ಕಾ ಎಂದರೆ ರಾಣಿ. ಅದೇ ಹೆಸರಿನ ಬೇರೆ ಗಾಯಕಿಯರೂ ಇದ್ದುದರಿಂದ ಇವರನ್ನು ಬಡೀ ಮಲ್ಕಾ ಜಾನ್ ಎನ್ನುತ್ತಿದ್ದರು. ಬರೀ ಹಾಡುಗಾರ್ತಿ ಅಲ್ಲ, ಅವರು ಶಾಯಿರಿ ಬರೆಯುತ್ತಿದ್ದರು. 1886ರಲ್ಲಿ ಅವರ ಉರ್ದು ಕವಿತೆಗಳ ದೀವಾನ್, ಅಂದರೆ ಕವನ ಸಂಗ್ರಹ, ಅಚ್ಚಾಗಿ ಬಂತು. ತಂದೆಯ ಕಡೆಯಿಂದ ಇಂಗ್ಲಿಷ್ ಹೆಸರು ಪಡೆದಿದ್ದ ಹೆಂಗಸು ಉರ್ದುವಿನಲ್ಲಿ ಪುಸ್ತಕ ತರುವ ಮಟ್ಟಿಗೆ ಆ ಭಾಷೆಯನ್ನು ತನ್ನದಾಗಿಸಿಕೊಂಡಿದ್ದರು. ಮಗಳೂ ಮುಂದೆ ಹಮ್‌ದಮ್ ಎಂಬ ಕಾವ್ಯನಾಮದಲ್ಲಿ ಬರೆದರು. ಹಮ್‌ದಮ್ ಎಂದರೆ ಜೊತೆಗಾರ, ಒಂದೇ ಉಸಿರಿನವರು.

1883ರಲ್ಲಿ ಅವರಿಬ್ಬರೂ ಕಲ್ಕತ್ತಾಕ್ಕೆ ಹೋದರು. ಗೌಹರ್ ಅವರ ಸಂಗೀತ ಹೇಗೆ ರೂಪುಗೊಂಡಿತು ಎಂದು ತಿಳಿಯಲು ಇಲ್ಲಿ ಸ್ವಲ್ಪ ನಿಲ್ಲಬೇಕು. 1856ರಲ್ಲಿ ಬ್ರಿಟಿಷರು ಅವಧ್ ರಾಜ್ಯವನ್ನು ಕಿತ್ತುಕೊಂಡು ನವಾಬ್ ವಾಜಿದ್ ಅಲಿ ಶಾ ಅವರನ್ನು ಲಕ್ನೋದಿಂದ ಹೊರಹಾಕಿದ್ದರು. ಅವರು ಬಂದು ನೆಲೆಸಿದ್ದು ಕಲ್ಕತ್ತಾದ ಹೊರಗಿನ ಮಟಿಯಾಬುರ್ಜ್‌ನಲ್ಲಿ. ರಾಜ್ಯ ಹೋಗಿತ್ತು, ಆದರೆ ರುಚಿ ಹೋಗಿರಲಿಲ್ಲ. ಅವರ ಹಿಂದೆ ಹಾಡುವವರು, ಕಥಕ್ ಕುಣಿಯುವವರು, ತಬಲಾ ಸಾರಂಗಿ ನುಡಿಸುವವರು, ಅಡುಗೆಯವರು, ದರ್ಜಿಗಳು ಎಲ್ಲರೂ ಬಂದರು. ಕಲ್ಕತ್ತಾ ಬಿರಿಯಾನಿಯಲ್ಲಿ ಆಲೂಗಡ್ಡೆ ಇರುವುದಕ್ಕೂ ಈ ಮಟಿಯಾಬುರ್ಜ್ ಅಡುಗೆಮನೆಯೇ ಕಾರಣ ಎಂದು ಹೇಳುವುದುಂಟು. ನವಾಬರು ಸ್ವತಃ ಠುಮ್ರಿ ಬರೆಯುತ್ತಿದ್ದರು. ಠುಮ್ರಿಯಲ್ಲಿ ಮಾತು ಕಡಿಮೆ. ಒಂದೇ ಸಾಲನ್ನು ಒಮ್ಮೆ ಬೇಡಿಕೆಯಂತೆ, ಒಮ್ಮೆ ಕೋಪದಂತೆ, ಒಮ್ಮೆ ನಗುವಿನಂತೆ ತಿರುಗಿಸಿ ತಿರುಗಿಸಿ ಹಾಡುವುದು ಅದರ ಸೊಗಸು. ಹಾಡುಗಳು ಹೆಚ್ಚಾಗಿ ಬ್ರಜ ಭಾಷೆಯಲ್ಲಿ, ಕೃಷ್ಣ ರಾಧೆಯರ ಮೇಲೆ ಇರುತ್ತಿದ್ದವು. ಹಾಡುತ್ತಿದ್ದವರಲ್ಲಿ ಬಹಳಷ್ಟು ಜನ ಮುಸ್ಲಿಮರು. ಆಗ ಯಾರಿಗೂ ಅದು ವಿಚಿತ್ರ ಅನಿಸಿರಲಿಲ್ಲ.

ಹೀಗೆ ಲಕ್ನೋದ ಸಂಗೀತ ಕಲ್ಕತ್ತಾದ ಹಣದ ಹತ್ತಿರ ಬಂದು ಕೂತಿತ್ತು. ಕಲ್ಕತ್ತಾ ಆಗ ಬ್ರಿಟಿಷ್ ಭಾರತದ ರಾಜಧಾನಿ, ದೊಡ್ಡ ಬಂದರು, ಶ್ರೀಮಂತ ಜಮೀನ್ದಾರರ ಮತ್ತು ವ್ಯಾಪಾರಿಗಳ ಊರು. ಮಲ್ಕಾ ಜಾನ್ ಮಟಿಯಾಬುರ್ಜ್ ದರ್ಬಾರಿನಲ್ಲಿ ಹಾಡಿ ಮೂರೇ ವರ್ಷಗಳಲ್ಲಿ ಚಿತ್ಪುರ್ ರಸ್ತೆಯಲ್ಲಿ 40,000 ರೂಪಾಯಿಗೆ ಸ್ವಂತ ಮನೆ ಕೊಂಡರು. ಮಗಳಿಗೆ ಒಳ್ಳೆಯ ಗುರುಗಳನ್ನು ಇಟ್ಟರು. ಪಟಿಯಾಲಾದ ಕಾಲೇ ಖಾನ್, ಉಸ್ತಾದ್ ಅಲಿ ಬಖ್ಷ್ ಹಾಡು ಕಲಿಸಿದರು. ಕಥಕ್ ಕಲಿಸಿದ್ದು ಬಿಂದಾದೀನ್ ಮಹಾರಾಜರು. ಬಂಗಾಳಿ ಕೀರ್ತನೆಯನ್ನು ಚರಣ್ ದಾಸ್ ಅವರಿಂದ ಕಲಿತರು. 1887ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ದರ್ಭಂಗಾದ ಮಹಾರಾಜರ ಆಸ್ಥಾನದಲ್ಲಿ ಮೊದಲ ಕಛೇರಿ ಆಯಿತು. ಅದೇ ವರ್ಷ ವಾಜಿದ್ ಅಲಿ ಶಾ ತೀರಿಕೊಂಡರು. ನವಾಬರ ಕಾಲ ಮುಗಿಯುತ್ತಿತ್ತು. 1896ರ ಹೊತ್ತಿಗೆ ಗೌಹರ್ ಕಲ್ಕತ್ತಾದಲ್ಲೇ ಹಾಡಲು ಶುರುಮಾಡಿ ಬೇಗ ಹೆಸರು ಮಾಡಿದರು.

ಇನ್ನು 1902ಕ್ಕೆ ಬರೋಣ. ಲಂಡನ್ನಿನ ಗ್ರಾಮಫೋನ್ ಕಂಪನಿಗೆ ಏಷ್ಯಾದಲ್ಲಿ ಯಂತ್ರ ಮಾರಬೇಕಿತ್ತು. ಆದರೆ ಬರೀ ಇಂಗ್ಲಿಷ್ ಹಾಡು ಇಟ್ಟುಕೊಂಡರೆ ಇಲ್ಲಿ ಯಾರು ಯಂತ್ರ ಕೊಳ್ಳುತ್ತಾರೆ? ಜನರ ಸ್ವಂತ ಹಾಡು ಬೇಕು. ಪ್ರಿಂಟರ್ ಮಾರಬೇಕಾದರೆ ಇಂಕ್ ಸಿಗಬೇಕು ಎಂಬಂಥ ಲೆಕ್ಕ ಇದು. ನಮ್ಮ ಬಿಸಿನೆಸ್ ಸ್ಟಡೀಸ್ ತರಗತಿಯವರಿಗೆ ತಕ್ಷಣ ಅರ್ಥವಾಗುತ್ತದೆ. ಅದಕ್ಕಾಗಿ ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕದ ರೆಕಾರ್ಡಿಂಗ್ ತಜ್ಞನನ್ನು ಹಡಗು ಹತ್ತಿಸಿ ಕಳಿಸಿದರು. ಆ ಪ್ರವಾಸದಲ್ಲಿ ಆತ ಕಲ್ಕತ್ತಾದಲ್ಲಿ ಐನೂರಕ್ಕೂ ಹೆಚ್ಚು ರೆಕಾರ್ಡಿಂಗ್ ಮಾಡಿದ. ಭಾರತದ ಮೊದಲ ಗ್ರಾಮಫೋನ್ ದನಿ ಗೌಹರ್ ಜಾನ್ ಅವರದು ಎಂದು ಬಹಳ ಕಡೆ ಬರೆದಿದ್ದಾರೆ. ಸರಿಯಾಗಿ ನೋಡಿದರೆ, ಅವರಿಗಿಂತ ಕೆಲವು ದಿನ ಮೊದಲು ಶಶಿಮುಖಿ ಮತ್ತು ಫಣಿಬಾಲಾ ಎಂಬ ನಾಟಕ ಕಂಪನಿಯ ಇಬ್ಬರು ಹುಡುಗಿಯರ ಹಾಡು ರೆಕಾರ್ಡ್ ಆಗಿತ್ತು. ಅದು ಕೇಳಿ ಗೈಸ್‌ಬರ್ಗ್‌ಗೆ ತೃಪ್ತಿಯಾಗಲಿಲ್ಲ. ನವೆಂಬರ್ 11ರಂದು ಗೌಹರ್ ಬಂದರು. ಭಾರತದ ಮೊದಲ ರೆಕಾರ್ಡಿಂಗ್ ತಾರೆ ಎಂದು ಅವರನ್ನು ಕರೆದರೆ ತಪ್ಪಿಲ್ಲ.

ರೆಕಾರ್ಡಿಂಗ್ ಹೇಗೆ ನಡೆಯುತ್ತಿತ್ತು ಎಂದು ಓದಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಆಗ ಮೈಕ್ ಇಲ್ಲ, ವಿದ್ಯುತ್ ಬಳಕೆಯೂ ಇಲ್ಲ. ಒಂದು ಕೋಣೆಯನ್ನೇ ಸ್ಟುಡಿಯೋ ಮಾಡಿದ್ದರು. ಗೋಡೆಯಿಂದ ಒಂದು ದೊಡ್ಡ ತಗಡಿನ ಕಹಳೆ ಹೊರಗೆ ಚಾಚಿರುತ್ತದೆ. ಹಾಡುವವರು ಅದರ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ದನಿಯ ಒತ್ತಡಕ್ಕೆ ಕಹಳೆಯ ಇನ್ನೊಂದು ತುದಿಯ ತೆಳುವಾದ ಪೊರೆ ಅದುರುತ್ತದೆ, ಅದಕ್ಕೆ ಅಂಟಿದ ಸೂಜಿ ತಿರುಗುವ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತದೆ. ದನಿ ಮೆತ್ತಗಾದರೆ ಗೆರೆ ಬೀಳುವುದಿಲ್ಲ, ಜೋರಾದರೆ ಗೆರೆ ಕೆಟ್ಟುಹೋಗುತ್ತದೆ. ಅದಕ್ಕೆ ಎತ್ತರದ ಸ್ವರ ಬಂದಾಗ ತಲೆಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕು, ಕೆಳಗಿನ ಸ್ವರಕ್ಕೆ ಮುಂದೆ ಬಾಗಬೇಕು. ಮೆಹಫಿಲ್‌ನಲ್ಲಿ ಕೇಳುವವರ ಮುಖ ನೋಡುತ್ತಾ, ಕೈಯಿಂದ ಅಭಿನಯ ತೋರಿಸುತ್ತಾ, ವಾಹ್ ವಾಹ್ ಕೇಳಿದಾಗ ಅದೇ ಸಾಲನ್ನು ಮತ್ತೆ ಎತ್ತಿಕೊಳ್ಳುತ್ತಾ ಹಾಡಿದವರು ಇಲ್ಲಿ ಒಂದು ತಗಡಿಗೆ ಹಾಡಬೇಕಿತ್ತು. ತಪ್ಪಾದರೆ ಅಳಿಸುವ ಹಾಗಿಲ್ಲ. ಹೊಸ ಮೇಣ ಇಟ್ಟು ಮೊದಲಿಂದ.

ಸಮಯವಂತೂ ಇನ್ನೂ ದೊಡ್ಡ ತೊಂದರೆ. ಹತ್ತು ಇಂಚಿನ ತಟ್ಟೆಯಲ್ಲಿ ಹಿಡಿಸುವುದು ಸುಮಾರು ಮೂರು ನಿಮಿಷ. ಒಬ್ಬ ಉಸ್ತಾದರು ಖಯಾಲ್ ಹಾಡುವಾಗ ಮೂರು ನಿಮಿಷದಲ್ಲಿ ರಾಗದ ಬಾಗಿಲು ಕೂಡ ತೆರೆದಿರುವುದಿಲ್ಲ. ಹಾಗಾಗಿ ಅನೇಕ ದೊಡ್ಡ ಉಸ್ತಾದರು ಈ ಯಂತ್ರದಿಂದ ದೂರ ಉಳಿದರು. ಕಲಿತ ವಿದ್ಯೆ ಬೀದಿಗೆ ಬರುತ್ತದೆ, ಯಾರೋ ಕದ್ದು ಕಲಿಯುತ್ತಾರೆ, ದನಿ ಹೋಗಿಬಿಡುತ್ತದೆ ಎಂಬ ಭಯಗಳೂ ಇದ್ದವು. ತವಾಯಫರಿಗೆ ಮರ್ಯಾದೆ ಕಳೆದುಕೊಳ್ಳುವ ಭಯ ಇರಲಿಲ್ಲ, ಏಕೆಂದರೆ ಸಮಾಜ ಅವರಿಗೆ ಅದನ್ನು ಕೊಟ್ಟೇ ಇರಲಿಲ್ಲ. ಅವರು ಮುಂದೆ ಬಂದರು. ನಮ್ಮ ಮೊದಲ ಗ್ರಾಮಫೋನ್ ಯುಗ ಹೆಚ್ಚಾಗಿ ಹೆಂಗಸರ ದನಿಯಿಂದ ತುಂಬಿರುವುದಕ್ಕೆ ಇದೇ ಕಾರಣ.

ಗೌಹರ್ ಮಾಡಿದ್ದೇನು? ಉದ್ದದ ಆಲಾಪ ಬಿಟ್ಟರು. ಹಾಡಿನ ಮುಖ್ಯ ಸಾಲನ್ನು ಮೊದಲ ಕ್ಷಣಗಳಲ್ಲೇ ಹಿಡಿದರು. ಲಯವನ್ನು ವೇಗ ಮಾಡಿದರು. ಮಧ್ಯೆ ಎರಡು ಮೂರು ಕಡೆ ಮಿಂಚಿನಂಥ ತಾನ್ ಇಟ್ಟು, ಮತ್ತೆ ಮೊದಲ ಸಾಲಿಗೆ ಬಂದು ಮುಗಿಸಿದರು. ಗಜಲ್ ಆದರೆ ಪೂರ್ತಿ ಹಾಡದೆ ಆರಿಸಿದ ಕೆಲವೇ ಶೇರ್‌ಗಳು. ಠುಮ್ರಿ, ದಾದರಾ, ಹೋರಿ, ಕಜರಿಯಂಥ ಹಗುರ ಪ್ರಕಾರಗಳು ಈ ಅಳತೆಗೆ ಚೆನ್ನಾಗಿ ಹೊಂದಿದವು. ಆಮೇಲೆ ದೇಶದಲ್ಲೆಲ್ಲ ಜನಪ್ರಿಯವಾದದ್ದೂ ಇವೇ. ಅಂದರೆ ಜನ ಏನು ಕೇಳಬೇಕು ಎಂಬುದನ್ನು ಜನರ ರುಚಿಯಷ್ಟೇ ತಟ್ಟೆಯ ಅಗಲವೂ ತೀರ್ಮಾನಿಸಿತು. ಹಾಡು ಮುಗಿದ ಕೂಡಲೇ ಗೌಹರ್ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಜೋರಾಗಿ ಹೇಳುತ್ತಿದ್ದರು. ಇದು ಜಂಬಕ್ಕಲ್ಲ. ಮೇಣದ ತಟ್ಟೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗುತ್ತಿದ್ದವು. ಅಲ್ಲಿಯ ಕೆಲಸಗಾರರಿಗೆ ಹಿಂದೂಸ್ತಾನಿ ಗೊತ್ತಿಲ್ಲ, ಯಾರ ಹಾಡಿಗೆ ಯಾವ ಲೇಬಲ್ ಅಂಟಿಸಬೇಕು ಎಂದು ತಿಳಿಯಲು ಹೆಸರು ಹಾಡಿನಲ್ಲೇ ಇರಬೇಕಿತ್ತು. ಕಾರ್ಖಾನೆಯ ಅನುಕೂಲಕ್ಕೆ ಹೇಳಿದ ಆ ಹೆಸರು ಕೊನೆಗೆ ಅವರ ಸಹಿಯಂತಾಯಿತು. ಯಂತ್ರದ ಮುಂದೆ ಕೂತವರು ಅದಕ್ಕಾಗಿಯೇ ಕಾಯುತ್ತಿದ್ದರು.

ಹ್ಯಾನೋವರ್‌ನಲ್ಲಿ ಅಚ್ಚಾದ ತಟ್ಟೆಗಳು ಮುಂದಿನ ವರ್ಷ ಇಲ್ಲಿ ಮಾರಾಟಕ್ಕೆ ಬಂದವು. ಆ ತಟ್ಟೆಗಳನ್ನು ಮಾಡುತ್ತಿದ್ದದ್ದು ಶೆಲ್ಯಾಕ್‌ನಿಂದ, ಅಂದರೆ ಅರಗಿನಿಂದ. ಅರಗು ಹೋಗುತ್ತಿದ್ದದ್ದು ಬಹುತೇಕ ನಮ್ಮ ದೇಶದ ಕಾಡುಗಳಿಂದಲೇ! ಹಾಡು ನಮ್ಮದು, ಅರಗು ನಮ್ಮದು, ತಟ್ಟೆ ಮಾತ್ರ ವಿದೇಶದ ಮಾಲು. ಹತ್ತಿಗೆ ಆದದ್ದೇ ಹಾಡಿಗೂ ಆಯಿತು. 1908ರಲ್ಲಿ ಕಂಪನಿ ಕಲ್ಕತ್ತಾದಲ್ಲೇ ಕಾರ್ಖಾನೆ ತೆರೆಯಿತು. ಮಾರಾಟ ಅಷ್ಟು ಬೆಳೆದಿತ್ತು. ಪಂಜಾಬಿನ ಕಡೆ ರೆಕಾರ್ಡನ್ನು ತವಾ ಎನ್ನುತ್ತಿದ್ದರು, ರೊಟ್ಟಿ ಸುಡುವ ತವಾದಂತೆ ಕಪ್ಪಗೆ, ದುಂಡಗೆ ಇದ್ದುದರಿಂದ. ನಮ್ಮ ಕಡೆ ಪ್ಲೇಟು ಎಂದರು. ಕೈಜಾರಿದರೆ ಒಡೆದು ಚೂರು.

ಈ ಪ್ಲೇಟುಗಳ ಇನ್ನೊಂದು ಪರಿಣಾಮ ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುತ್ತದೆ. ಮೆಹಫಿಲ್‌ಗೆ ಹೋಗುತ್ತಿದ್ದವರು ಹಣವಂತ ಗಂಡಸರು. ಅವರ ಮನೆಯ ಹೆಂಗಸರು ಆ ಹಾಡು ಕೇಳುವ ಹಾಗಿರಲಿಲ್ಲ. ಪ್ಲೇಟು ಬಂದ ಮೇಲೆ ಪರದೆಯ ಹಿಂದಿದ್ದ ಹೆಂಗಸರೂ ಕೇಳಿದರು. ಹೊಸಿಲು ದಾಟಲು ಬಿಡದಿದ್ದ ಹೆಂಗಸಿನ ದನಿ ಹೊಸಿಲು ದಾಟಿ ಒಳಗೆ ಹೋಯಿತು. ನಾನು ಈ ಲೇಖನ ಬರೆಯುತ್ತೇನೆ ಎಂದಾಗ ನಮ್ಮ ದಾದಿಗೆ ಇಷ್ಟವಾಗಲಿಲ್ಲ. ಕಾಲೇಜಿನ ಪತ್ರಿಕೆಗೆ ಬರೆಯಲು ಬೇರೆ ಯಾರೂ ಸಿಗಲಿಲ್ಲವಾ ಎಂದು ಕೇಳಿದರು. ತವಾಯಫ್ ಎಂಬ ಪದವನ್ನೇ ನಮ್ಮ ಮನೆಯಲ್ಲಿ ಹಿರಿಯರ ಮುಂದೆ ಆಡುವುದಿಲ್ಲ. ನಾನು ಮಾತಾಡದೆ ಮೊಬೈಲಿನಲ್ಲಿ ಒಂದು ಹಳೆಯ ಗಜಲ್ ಹಾಕಿದೆ. ಗರಗರ ಶಬ್ದದ ನಡುವೆ ಕಿವಿಗೊಟ್ಟು ಪೂರ್ತಿ ಕೇಳಿದರು. ಹಾಡಿನ ಬಗ್ಗೆ ಏನೂ ಅನ್ನಲಿಲ್ಲ. ತಲಫ್ಫುಜ್ ಚೆನ್ನಾಗಿದೆ, ಈಗಿನವರಿಗೆ ಕಾಫ್ ಮತ್ತು ಖಾಫ್ ವ್ಯತ್ಯಾಸವೇ ಬರುವುದಿಲ್ಲ ಎಂದಷ್ಟೇ ಹೇಳಿ ಎದ್ದುಹೋದರು. ತಲಫ್ಫುಜ್ ಎಂದರೆ ಉಚ್ಚಾರಣೆ.

ಗೌಹರ್ ಅವರಿಗೆ ತಮ್ಮ ಬೆಲೆ ಗೊತ್ತಿತ್ತು. ಒಂದು ರೆಕಾರ್ಡಿಂಗ್‌ಗೆ 3,000 ರೂಪಾಯಿ ಕೇಳುತ್ತಿದ್ದರು ಎಂಬುದು ಪ್ರಸಿದ್ಧ. ರೆಕಾರ್ಡಿಂಗ್‌ಗೆ ಬಂದಾಗಲೆಲ್ಲ ಹೊಸ ಉಡುಪು, ಹೊಸ ಒಡವೆ. ಒಮ್ಮೆ ತೊಟ್ಟ ಒಡವೆಯನ್ನು ಮತ್ತೆ ತೊಟ್ಟದ್ದನ್ನು ನೋಡಲಿಲ್ಲ ಎಂದು ಗೈಸ್‌ಬರ್ಗ್ ನೆನಪಿಸಿಕೊಂಡಿದ್ದಾನೆ. 1902ರಿಂದ 1920ರ ನಡುವೆ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಹಾಡುಗಳನ್ನು ಕೊಟ್ಟರು. ಅವರ ಚಿತ್ರವಿದ್ದ ಪೋಸ್ಟ್‌ಕಾರ್ಡುಗಳು ಮಾರಾಟವಾದವು. ಆಸ್ಟ್ರಿಯಾ ದೇಶದಲ್ಲಿ ತಯಾರಾದ ಬೆಂಕಿಪೊಟ್ಟಣದ ಮೇಲೂ ಅವರ ಚಿತ್ರ ಬಂತು. ಸಾಕಿದ ಬೆಕ್ಕು ಮರಿ ಹಾಕಿದ್ದಕ್ಕೆ ಸಾವಿರಾರು ರೂಪಾಯಿ ಖರ್ಚು ಮಾಡಿ ಔತಣ ಕೊಟ್ಟರು ಎಂಬ ಕಥೆಯೂ ಇದೆ. ಇಂಥ ಕಥೆಗಳು ಶ್ರೀಮಂತ ಗಂಡಸರ ಬಗ್ಗೆ ಇದ್ದರೆ ಶೋಕಿ ಎನ್ನುತ್ತಾರೆ, ಹೆಂಗಸಿನ ಬಗ್ಗೆ ಇದ್ದರೆ ಅಹಂಕಾರ ಎನ್ನುತ್ತಾರೆ. ನಾನು ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

1910ರಲ್ಲಿ ಮದ್ರಾಸಿನ ವಿಕ್ಟೋರಿಯಾ ಪಬ್ಲಿಕ್ ಹಾಲ್‌ನಲ್ಲಿ ಹಾಡಿದರು. ಅಲ್ಲಿ ಅವರ ಹಿಂದಿ, ಉರ್ದು ಹಾಡುಗಳು ಬೇಗ ತಮಿಳಿನ ಒಂದು ಸಂಗೀತ ಪುಸ್ತಕದಲ್ಲಿ ಅಚ್ಚಾದವು. 1911ರ ಡಿಸೆಂಬರಿನಲ್ಲಿ ಐದನೇ ಜಾರ್ಜ್ ದೊರೆಯ ದೆಹಲಿ ದರ್ಬಾರ್ ನಡೆದಾಗ ಅಲಹಾಬಾದಿನ ಜಾನಕಿ ಬಾಯಿ ಅವರ ಜೊತೆ ಸೇರಿ ತಾಜ್‌ಪೋಶಿಯ, ಅಂದರೆ ಪಟ್ಟಾಭಿಷೇಕದ, ಮುಬಾರಕ್ ಹಾಡು ಹಾಡಿದರು.

ದೊರೆಗೆ ಹಾಡಿದವರು ಗಾಂಧೀಜಿಗೂ ಹಾಡಲು ಒಪ್ಪಿದ್ದರು ಎಂಬ ಪ್ರಸಂಗವನ್ನು ಹೇಳುವುದುಂಟು. ಸ್ವರಾಜ್ಯ ನಿಧಿಗೆ ಹಣ ಕೂಡಿಸಿಕೊಡಿ ಎಂದು ಗಾಂಧೀಜಿ ಕೇಳಿದರಂತೆ. ಕಛೇರಿಗೆ ನೀವೇ ಬರಬೇಕು ಎಂದು ಗೌಹರ್ ಷರತ್ತು ಹಾಕಿದರಂತೆ. ಕಛೇರಿಯ ದಿನ ಗಾಂಧೀಜಿಗೆ ಬರಲು ಆಗಲಿಲ್ಲ. ಸೇರಿದ 24,000 ರೂಪಾಯಿಯಲ್ಲಿ ಅರ್ಧವನ್ನು ಮಾತ್ರ ಮೌಲಾನಾ ಶೌಕತ್ ಅಲಿ ಅವರ ಕೈಗೆ ಕೊಟ್ಟು, ಅರ್ಧ ಮಾತು ಉಳಿಸಿಕೊಂಡವರಿಗೆ ಅರ್ಧ ಹಣ ಎಂದು ಲೆಕ್ಕ ಚುಕ್ತಾ ಮಾಡಿದರಂತೆ. ಇದರಲ್ಲಿ ಎಷ್ಟು ನಿಜ, ಎಷ್ಟು ಬೆಳೆದದ್ದು ಎಂದು ಬಿಡಿಸುವುದು ಕಷ್ಟ. ಆದರೆ ಅವರ ಬಗ್ಗೆ ಜನ ಕಟ್ಟಿಕೊಂಡ ಕಥೆಗಳಲ್ಲೂ ಅವರು ಒಪ್ಪಂದದ ಬಗ್ಗೆ ಎಷ್ಟು ಕಟ್ಟುನಿಟ್ಟು ನೋಡಿ!

ಇಷ್ಟು ಕಟ್ಟುನಿಟ್ಟಿನವರ ಆಸ್ತಿ ಹೋದದ್ದು ಕೋರ್ಟಿನಲ್ಲಿ. 1906ರಲ್ಲಿ ತಾಯಿ ಮಲ್ಕಾ ಜಾನ್ ತೀರಿಕೊಂಡರು. ಅದೇ ಮನೆಯಲ್ಲಿ ಬೆಳೆದಿದ್ದ ಕೆಲಸದಾಕೆಯ ಮಗನೊಬ್ಬ ತಾನೇ ಮಲ್ಕಾ ಜಾನ್ ಅವರ ಮಗ, ಆಸ್ತಿ ತನ್ನದು ಎಂದು ದಾವೆ ಹೂಡಿದ. ದೇಶಕ್ಕೆಲ್ಲ ಹೆಸರು ಗೊತ್ತಿದ್ದ ಗೌಹರ್ ತಾನು ತನ್ನ ತಾಯಿಯ ಮಗಳು ಎಂದು ಸಾಬೀತು ಮಾಡಬೇಕಾಯಿತು. ಎಷ್ಟೋ ವರ್ಷಗಳ ಹಿಂದೆ ಬಿಟ್ಟುಹೋಗಿದ್ದ ತಂದೆಯನ್ನು ಹುಡುಕಿಸಿ ಸಾಕ್ಷಿ ಹೇಳಿಸಿದರು. ಕೇಸು ಗೆದ್ದರು. ತಂದೆಯ ಹೆಸರಿಲ್ಲದೆ ಬದುಕು ಕಟ್ಟಿಕೊಂಡವರಿಗೆ ಕಾಗದದ ಮೇಲೆ ಮತ್ತೆ ಅದೇ ಹೆಸರು ಬೇಕಾಯಿತು.

ಬಾಂಬೆಯ ರಂಗನಟ ಅಮೃತ್ ಕೇಶವ್ ನಾಯಕ್ ಅವರ ಜೊತೆ ಗೌಹರ್‌ಗೆ ಆತ್ಮೀಯತೆ ಇತ್ತು. ಅವರು 1907ರಲ್ಲಿ ಅಕಾಲದಲ್ಲಿ ತೀರಿಕೊಂಡರು. ಆಮೇಲೆ ತಮ್ಮ ವ್ಯವಹಾರ ನೋಡಿಕೊಳ್ಳುತ್ತಿದ್ದ, ತಮಗಿಂತ ಚಿಕ್ಕವರಾದ ಅಬ್ಬಾಸ್ ಎಂಬುವರನ್ನು ಮದುವೆಯಾದರು. ಆ ಸಂಬಂಧ ಮುರಿದು ಮತ್ತೆ ಕೋರ್ಟು ಹತ್ತಿದರು. ವಕೀಲರ ಫೀಸು, ಕೈಬಿಟ್ಟ ಆಸ್ತಿ, ಸಾಲ. ನಮ್ಮ ಅಕೌಂಟೆನ್ಸಿ ಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ ಆದಾಯ ಕಲೆಯಿಂದ, ನಷ್ಟವೆಲ್ಲ ನಂಬಿಕೆಯ ಖಾತೆಯಲ್ಲಿ.

ಸಂಗೀತದ ಕಾಲವೂ ಬದಲಾಗುತ್ತಿತ್ತು. 1925ರಲ್ಲಿ ಮೈಕ್ ಬಳಸುವ ವಿದ್ಯುತ್ ರೆಕಾರ್ಡಿಂಗ್ ಶುರುವಾಯಿತು. ಇನ್ನು ತಗಡಿನ ಕಹಳೆಗೆ ಕೂಗಿ ಹಾಡಬೇಕಿರಲಿಲ್ಲ. ಪಿಸುಮಾತಿನಷ್ಟು ಮೆತ್ತಗೆ ಹಾಡಿದರೂ ಮೈಕ್ ಹಿಡಿಯುತ್ತಿತ್ತು. ಎತ್ತರದ, ಚೂಪಾದ, ಗಟ್ಟಿ ದನಿಯ ಜಾಗಕ್ಕೆ ಮೃದು ದನಿ ಬಂತು. ಗೌಹರ್ ಅವರ ದನಿ ಇಂದು ನಮ್ಮ ಕಿವಿಗೆ ತೆಳ್ಳಗೆ, ಸ್ವಲ್ಪ ಕೀರಲು ಕೇಳುವುದಕ್ಕೆ ಈ ಕಹಳೆಯೂ ಕಾರಣ. ಅದು ಅವರ ದನಿಯ ಕೆಲವು ಭಾಗಗಳನ್ನು ಮಾತ್ರ ಹಿಡಿದು ಉಳಿದದ್ದನ್ನು ಬಿಟ್ಟುಬಿಟ್ಟಿತು. ನನ್ನ ಗೆಳೆಯನೊಬ್ಬ ಕೇಳಿ ಕಾರ್ಟೂನ್ ದನಿ ಎಂದು ನಕ್ಕ. ಎದುರಿಗೆ ಕೂತು ಕೇಳಿದವರು ಕೇಳಿದ ಗೌಹರ್ ನಮಗೆ ಸಿಗುವುದಿಲ್ಲ.

ಕಲ್ಕತ್ತಾ ಬಿಟ್ಟ ಮೇಲೆ ಡಾರ್ಜಿಲಿಂಗ್, ಬಾಂಬೆ ಎಂದು ಅಲೆದು ಕೊನೆಗೆ ಅವರು ಬಂದದ್ದು ಮೈಸೂರಿಗೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರ ಜೊತೆ ಹಿಂದೂಸ್ತಾನಿಯವರಿಗೂ ಜಾಗವಿತ್ತು. ಸಿತಾರ್ ವಾದಕ ಬರ್ಕತುಲ್ಲಾ ಖಾನ್ ಆಸ್ಥಾನದಲ್ಲಿದ್ದರು. ಆಗ್ರಾ ಘರಾನಾದ ಉಸ್ತಾದ್ ಫಯ್ಯಾಜ್ ಖಾನ್ ಅವರಿಗೆ ಆಫ್ತಾಬ್‌-ಎ-ಮೌಸಿಖಿ, ಅಂದರೆ ಸಂಗೀತದ ಸೂರ್ಯ, ಎಂಬ ಬಿರುದು ಸಿಕ್ಕಿದ್ದು ಮೈಸೂರಿನಿಂದಲೇ. 1928ರ ಆಗಸ್ಟ್ 1ರಂದು ಗೌಹರ್ ಜಾನ್ ಅರಮನೆಯ ಸಂಗೀತಗಾರ್ತಿಯಾಗಿ ನೇಮಕವಾದರು. ಸಂಬಳ ತಿಂಗಳಿಗೆ 500 ರೂಪಾಯಿ. ಇರಲು ದಿಲ್‌ಖುಷ್ ಎಂಬ ಹೆಸರಿನ ಕಾಟೇಜ್ ಸಿಕ್ಕಿತು. ದಿಲ್‌ಖುಷ್ ಎಂದರೆ ಮನಸ್ಸಿಗೆ ಸಂತೋಷ ಕೊಡುವುದು. ಹೆಸರು ಇಟ್ಟವರಿಗೆ ಯಾರು ಬಂದು ಇರುತ್ತಾರೆ ಎಂದು ಗೊತ್ತಿರಲಿಲ್ಲ.

ಗೌಹರ್‌ಗೆ ಆಗ ಐವತ್ತೈದು ವರ್ಷ. ಸುತ್ತ ಆಡುತ್ತಿದ್ದದ್ದು ಕನ್ನಡ. ಜೊತೆಗೆ ಸ್ವಂತದವರು ಎಂದು ಯಾರೂ ಇರಲಿಲ್ಲ. ಆರೋಗ್ಯವೂ ಕೆಟ್ಟಿತ್ತು. 1930ರ ಜನವರಿ 17ರಂದು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ತೀರಿಕೊಂಡರು. ನಾವೆಲ್ಲ ಕೆ.ಆರ್. ಆಸ್ಪತ್ರೆ ಎನ್ನುವ ಅದೇ ಆಸ್ಪತ್ರೆ. ನಾನು ಸುಮ್ಮನೆ ಒಂದು ಲೆಕ್ಕ ಹಾಕಿದೆ. 1928ರ ಆಗಸ್ಟಿನಿಂದ 1929ರ ಡಿಸೆಂಬರ್‌ವರೆಗೆ ಹದಿನೇಳು ತಿಂಗಳು. ತಿಂಗಳಿಗೆ 500ರಂತೆ 8,500 ರೂಪಾಯಿ. ಹಿಂದಿನ ದರದಲ್ಲಿ ಮೂರು ರೆಕಾರ್ಡಿಂಗ್‌ಗೆ ಅವರು ಪಡೆಯುತ್ತಿದ್ದದ್ದು 9,000.

ಮುಂದಿನ ವರ್ಷ, 1931ರ ಮಾರ್ಚಿನಲ್ಲಿ, ಮೊದಲ ಟಾಕಿ ಆಲಂ ಆರಾ ಬಂತು. ಅದರಲ್ಲಿ ಏಳು ಹಾಡುಗಳಿದ್ದವು. 1934ರಲ್ಲಿ ಕನ್ನಡದ ಸತಿ ಸುಲೋಚನ ಬಂತು. ಸಿನಿಮಾ ಹಾಡು ಪ್ಲೇಟಿನಲ್ಲೂ ಮಾರಾಟವಾಗಬೇಕಿತ್ತು, ಹಾಗಾಗಿ ಮೂರು, ಮೂರೂವರೆ ನಿಮಿಷದೊಳಗೆ ಮುಗಿಯಬೇಕಿತ್ತು. ಪಲ್ಲವಿಯನ್ನು ಮೊದಲೇ ಹಿಡಿ, ಚರಣ ಹಾಡಿ ಮತ್ತೆ ಪಲ್ಲವಿಗೆ ಬಾ ಎಂಬ ಅಳತೆಯೇ ಅಲ್ಲೂ ನಡೆಯಿತು. ಆ ಪ್ಲೇಟುಗಳು ಹೋದವು, ಕ್ಯಾಸೆಟ್ ಬಂತು, ಸಿ.ಡಿ. ಬಂತು, ಜಾಗದ ಕೊರತೆ ಇಲ್ಲದಾಯಿತು, ಆದರೂ ಹಾಡಿನ ಅಳತೆ ಬಹಳ ಕಾಲ ಹಾಗೇ ಉಳಿಯಿತು.

ಮೈಸೂರು ಅರಮನೆಯ ಹಳೆಯ ಕಡತಗಳಲ್ಲಿ ಗೌಹರ್ ಅವರ ನೇಮಕದ ಕಾಗದಪತ್ರಗಳು ಉಳಿದಿದ್ದವು. ಒಡೆಯರ್ ಮನೆತನದ ಇತಿಹಾಸ ಹುಡುಕುತ್ತಿದ್ದ ಬೆಂಗಳೂರಿನ ಲೇಖಕ ವಿಕ್ರಮ್ ಸಂಪತ್ ಅವರಿಗೆ ಅವು ಸಿಕ್ಕಿದವು. ಅದರಿಂದ 2010ರಲ್ಲಿ ಗೌಹರ್ ಅವರ ಜೀವನಚರಿತ್ರೆ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂತು. 2018ರ ಜೂನ್ 26ರಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿತು. ಅವರ ಹಾಡುಗಳು ಈಗ ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಕೇಳುವವರು ಇಯರ್‌ಫೋನ್ ಹಾಕಿಕೊಂಡು, ಒಂದೇ ಹಾಡನ್ನು ಎರಡು ಸಲ ಕೇಳಿ. ಮೊದಲ ಸಲ ಗರಗರ ಶಬ್ದವೇ ಕೇಳುತ್ತದೆ. ಎರಡನೆಯ ಸಲ ಹಾರ್ಮೋನಿಯಂ, ಸಾರಂಗಿ ಬೇರೆ ಬೇರೆಯಾಗಿ ಕಿವಿಗೆ ಬೀಳುತ್ತವೆ.